ಮಲ್ಪೆಯ ಕಡಲಿನ ಕಲ್ಲುಕಂಬಗಳು: ಸೇಂಟ್ ಮೇರೀಸ್ ದ್ವೀಪದ ಪ್ರವಾಸ

ರಜೆಗೆಂದು ದ್ವೀಪವೊಂದಕ್ಕೆ ಹೋಗುವ ಮಾತು ಬಂದಾಗ ಕನ್ನಡ ನಾಡಿನವರು ಸಾಮಾನ್ಯವಾಗಿ ಅಂಡಮಾನ್, ಲಕ್ಷದ್ವೀಪ ಅಥವಾ ಮಾಲ್ದೀವ್ಸ್‌ಗಳ ಹೆಸರೆತ್ತುತ್ತಾರೆ. ವಿಮಾನದ ಟಿಕೆಟ್ಟು, ಪರವಾನಗಿ, ವಾರಗಟ್ಟಲೆ ಬಿಡುವು ಇವೆಲ್ಲ ಕೂಡಿಬಂದಾಗಲಷ್ಟೇ ಕೈಗೂಡುವ ಅಂಥ ಪ್ರವಾಸಗಳ ಎದುರಿಗೆ, ಉಡುಪಿಯಿಂದ ಬಸ್ಸಿನಲ್ಲಿ ಮಲ್ಪೆಗೆ ಬಂದು ದೋಣಿ ಹತ್ತಿದರೆ ಅರ್ಧ ದಿನದೊಳಗೆ ನೋಡಿ ಮರಳಬಹುದಾದ ಸೇಂಟ್ ಮೇರೀಸ್ ದ್ವೀಪ ಸಣ್ಣದೆಂದು ತೋರುವುದು ಸಹಜವೇ. ಅಳತೆಯಲ್ಲಿ ಅದು ನಿಜವಾಗಿಯೂ ಸಣ್ಣದು: ಪ್ರವಾಸಿಗರು ಇಳಿಯುವ ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರಿನ ಆಸುಪಾಸು, ಸಮುದ್ರಮಟ್ಟದಿಂದ ಅದರ ಎತ್ತರ ಹತ್ತು ಮೀಟರಿನಷ್ಟು. ಆದರೆ ಈ ಕಿರಿದಾದ ಜಾಗದಲ್ಲಿ ನಿಂತಿರುವ ಕಲ್ಲುಕಂಬಗಳು ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಟ್ಟ ಕಾಲಕ್ಕೆ ಸೇರಿದವಾದ್ದರಿಂದ, ಕಡಲತೀರದ ವಿಹಾರಕ್ಕೆಂದು ಹೋದವರ ಕಣ್ಣೆದುರಿಗೆ ಭೂಖಂಡಗಳ ಚರಿತ್ರೆಯ ಒಂದು ಪುಟವೇ ತೆರೆದಿರುತ್ತದೆ. ಅದನ್ನು ಓದಲು ಬೇಕಾದ ಅಷ್ಟಿಷ್ಟು ತಿಳಿವಳಿಕೆಯನ್ನು ದೋಣಿ ಹತ್ತುವ ಮೊದಲೇ ಪಡೆದವರಿಗೆ ಈ ಪ್ರವಾಸ ಕೊಡುವ ಸುಖವೇ ಬೇರೆ.

ಸೇಂಟ್ ಮೇರೀಸ್ ಎಂಬುದು ಒಂದು ದ್ವೀಪದ ಹೆಸರಲ್ಲ, ಮಲ್ಪೆಯ ತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಚದುರಿಕೊಂಡಿರುವ ದ್ವೀಪಗಳ ಒಂದು ಗುಂಪಿನ ಹೆಸರು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕನ್ನು ಮುಖ್ಯವೆಂದು ಎಣಿಸುತ್ತಾರೆ. ಇವುಗಳಲ್ಲಿ ದರಿಯಾ ಬಹದ್ದೂರ್‌ಗಡವು ಬಂದರಿಗೆ ತೀರ ಹತ್ತಿರದ್ದು. ಬಿದನೂರಿನ ಬಸವಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುವ ಕೋಟೆಯ ಅವಶೇಷಗಳು ಅಲ್ಲಿವೆ. ಪ್ರವಾಸಿಗರ ದೋಣಿಗಳು ಹೋಗುವುದು ತೆಂಗಿನ ದ್ವೀಪಕ್ಕೆ, ಆಡುಮಾತಿನಲ್ಲಿ ಸೇಂಟ್ ಮೇರೀಸ್ ಎಂದರೆ ಅದೇ. ಊರಿನ ಹಳಬರ ಬಾಯಲ್ಲಿ ಈ ದ್ವೀಪಗಳು ತೋನ್ಸೆಪಾರ್ ಎಂಬ ಹೆಸರಿನಿಂದ ಇಂದಿಗೂ ಉಳಿದಿವೆ.

ಪ್ರಯಾಣದ ಮೊದಲ ಘಟ್ಟವಾದ ಮಲ್ಪೆ ಬಂದರನ್ನು ಕೇವಲ ದೋಣಿ ಹತ್ತುವ ಜಾಗವೆಂದು ಭಾವಿಸಿ ಅವಸರದಿಂದ ದಾಟಿಹೋಗುವುದು ತಕ್ಕುದಲ್ಲ. ನದಿಯ ಅಳಿವೆಯಲ್ಲಿ, ಅಂದರೆ ನದಿ ಸಮುದ್ರವನ್ನು ಸೇರುವ ಬಾಯಿಯಲ್ಲಿ, ನೈಸರ್ಗಿಕವಾಗಿ ರೂಪುಗೊಂಡ ಈ ಬಂದರು ರಾಜ್ಯದ ಪ್ರಮುಖ ಮೀನುಗಾರಿಕೆ ಬಂದರುಗಳಲ್ಲೊಂದು. ಬೆಳಗಿನ ಹೊತ್ತು ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ರಾಶಿ, ಅವುಗಳನ್ನು ಹರಾಜು ಹಾಕುವ ಕೂಗು, ಮಂಜುಗಡ್ಡೆಯನ್ನು ಪುಡಿಮಾಡಿ ಬುಟ್ಟಿಗಳಿಗೆ ಸುರಿಯುವ ಸದ್ದು ಇವೆಲ್ಲವೂ ಅಲ್ಲಿ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಸಮೀಪದ ವಡಭಾಂಡೇಶ್ವರದಲ್ಲಿ ಬಲರಾಮನ ದೇವಾಲಯವಿದೆ. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ದಡ ಸೇರಿಸಿದರೆಂದೂ, ಕೃತಜ್ಞನಾದ ನಾವಿಕ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಕೃಷ್ಣನ ವಿಗ್ರಹವೇ ಉಡುಪಿಯಲ್ಲಿ ಪ್ರತಿಷ್ಠೆಗೊಂಡಿತೆಂದೂ ಹೇಳುವ ಐತಿಹ್ಯ ಈ ತೀರಕ್ಕೇ ಸೇರಿದ್ದು. ನೂಲಹುಣ್ಣಿಮೆಯ ವೇಳೆಗೆ ಮೊಗವೀರ ಸಮುದಾಯದವರು ಸಮುದ್ರಪೂಜೆ ಮಾಡಿ ಕಡಲಿಗೆ ಹಾಲೆರೆಯುವುದೂ ಇಲ್ಲಿಯೇ.

ಈ ಸಮುದ್ರಪೂಜೆ ಮಳೆಗಾಲದ ನಡುವೆ ಬರುವುದು ಆಕಸ್ಮಿಕವಲ್ಲ. ಜೂನ್ ತಿಂಗಳಿನಿಂದ ನೈಋತ್ಯ ಮಾರುತ, ಅಂದರೆ ತೆಂಕಣ ಪಡುವಣ ದಿಕ್ಕಿನಿಂದ ತೇವವನ್ನು ಹೊತ್ತು ಬೀಸುವ ಮಳೆಗಾಳಿ, ಅರಬ್ಬೀ ಸಮುದ್ರವನ್ನು ಕಲಕಿ ಈ ತೀರದತ್ತ ದೊಡ್ಡ ತೆರೆಗಳನ್ನು ನೂಕುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಪ್ರವಾಸಿ ದೋಣಿಗಳಂತೂ ಮಳೆಗಾಲ ಮುಗಿದು ಕಡಲು ತಣಿಯುವವರೆಗೆ ದ್ವೀಪದತ್ತ ಹೋಗುವುದೇ ಇಲ್ಲ. ಹೀಗಾಗಿ ಪ್ರವಾಸಕ್ಕೆ ಒದಗುವುದು ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಅವಧಿ ಮಾತ್ರ, ಅದರಲ್ಲಿಯೂ ಡಿಸೆಂಬರ್, ಜನವರಿ ತಿಂಗಳುಗಳ ಬೆಳಗಿನ ಹೊತ್ತು ಎಲ್ಲಕ್ಕಿಂತ ಹಿತವಾದದ್ದು. ಬೆಳಗಿಗೇ ಹೋಗಬೇಕೆಂಬುದಕ್ಕೆ ಬಿಸಿಲಿನ ಜೊತೆಗೆ ಇನ್ನೊಂದು ಕಾರಣವೂ ಇದೆ. ರಾತ್ರಿಯಲ್ಲಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ಮುಂಜಾನೆಯ ಹೊತ್ತಿಗೆ ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತಿರುತ್ತದೆ, ನೀರು ಸಾಕಷ್ಟು ಸಮತಟ್ಟಾಗಿರುತ್ತದೆ. ಹೊತ್ತೇರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರತೊಡಗಿದಾಗ ಕಡಲಗಾಳಿ ಒಳನುಗ್ಗಿ, ಮಧ್ಯಾಹ್ನದ ನಂತರ ದೋಣಿಯ ಕುಲುಕಾಟ ಹೆಚ್ಚುತ್ತದೆ. ದೋಣಿ ಪ್ರಯಾಣ ಒಗ್ಗದವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪಿದಂತೆಯೇ.

ಬಂದರಿನಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್ ದೂರ; ಸಾಕಷ್ಟು ಜನ ಸೇರಿದ ಮೇಲೆ ಹೊರಡುವ ದೊಡ್ಡ ದೋಣಿ ಅರ್ಧ ಗಂಟೆಯೊಳಗೆ ಅಲ್ಲಿಗೆ ಮುಟ್ಟುತ್ತದೆ. ದ್ವೀಪದ ಸುತ್ತಲೂ ನೀರಿನ ಆಳ ಕಡಿಮೆ, ಮೇಲಾಗಿ ನೀರಿನಡಿಯಲ್ಲಿ ಬಂಡೆಗಳು ಅಡಗಿರುವುದರಿಂದ, ದೊಡ್ಡ ದೋಣಿ ಸ್ವಲ್ಪ ದೂರದಲ್ಲೇ ನಿಂತು ಪ್ರಯಾಣಿಕರನ್ನು ಸಣ್ಣ ದೋಣಿಗೆ ದಾಟಿಸುವ ಪದ್ಧತಿ ರೂಢಿಯಲ್ಲಿದೆ. ಒಂದರ ಅಂಚು ಏರುವಾಗ ಇನ್ನೊಂದರ ಅಂಚು ಇಳಿಯುತ್ತಿರುವ ಆ ಕ್ಷಣದಲ್ಲಿ ಮಕ್ಕಳಿಗೂ ವಯಸ್ಸಾದವರಿಗೂ ದೋಣಿಯವರ ಕೈಯೇ ಆಸರೆ, ಮೊಬೈಲನ್ನು ಎತ್ತಿಹಿಡಿದು ಚಿತ್ರ ತೆಗೆಯುತ್ತ ದಾಟಲು ಹೋಗುವವರಿಗೆ ಮಾತ್ರ ಆ ಆಸರೆಯೂ ಸಾಲದು.

ಇಳಿದ ಕೂಡಲೇ ಕಾಲಿಗೆ ಸಿಗುವ ನೆಲದಲ್ಲಿ ಮಲ್ಪೆಯ ತೀರದ ನುಣ್ಣನೆಯ ಮರಳಿಗಿಂತ ಕಪ್ಪೆಚಿಪ್ಪುಗಳೇ ಹೆಚ್ಚು. ಮೃದ್ವಂಗಿಗಳು, ಅಂದರೆ ಎಲುಬಿಲ್ಲದ ಮೆತ್ತನೆಯ ಮೈಯ ಜೀವಿಗಳು, ತಮ್ಮ ರಕ್ಷಣೆಗೆಂದು ಸುಣ್ಣದಂಶದಿಂದ ಕಟ್ಟಿಕೊಂಡ ಚಿಪ್ಪುಗಳು ಆ ಜೀವಿಗಳು ಸತ್ತ ಮೇಲೆ ತೆರೆಗಳಿಗೆ ಸಿಕ್ಕಿ ಉಜ್ಜಿ, ಒಡೆದು, ಬಿಸಿಲಿಗೆ ಬಿಳಿಚಿಕೊಂಡು ಬಂಡೆಗಳ ನಡುವಿನ ತಗ್ಗುಗಳಲ್ಲಿ ರಾಶಿಯಾಗಿ ಬಿದ್ದಿವೆ. ನಡೆದರೆ ಕರಕರ ಸದ್ದಾಗುತ್ತದೆ, ಮುಷ್ಟಿಯಲ್ಲಿ ಎತ್ತಿ ನೋಡಿದರೆ ಇಡಿಯಾದ ಚಿಪ್ಪಿಗಿಂತ ಬಣ್ಣ ಬಣ್ಣದ ಚೂರುಗಳೇ ಹೆಚ್ಚಾಗಿ ಕಾಣುತ್ತವೆ. ನದಿಯೊಂದು ಬಂದು ಮರಳು ತುಂಬಿಸುವ ಅವಕಾಶ ಇಲ್ಲದ ಈ ದ್ವೀಪಕ್ಕೆ ಕಿನಾರೆಯೆಂಬುದನ್ನು ಕೊಟ್ಟಿರುವುದು ಬಹುಮಟ್ಟಿಗೆ ಈ ಚಿಪ್ಪುಗಳೇ ಆದ್ದರಿಂದ, ನೆನಪಿಗೆಂದು ಚೀಲ ತುಂಬಿಕೊಂಡು ಹೋಗುವ ಅಭ್ಯಾಸವನ್ನು ನಿರುಪದ್ರವಿಯೆನ್ನಲಾಗದು.

ಇನ್ನು ಕಂಬಗಳ ವಿಚಾರ. ಕಿನಾರೆಯನ್ನು ಬಿಟ್ಟು ಬಂಡೆಗಳತ್ತ ನಡೆದವರಿಗೆ ಮೊದಲು ಕಾಣುವುದು ಯಾರೋ ಶಿಲ್ಪಿಗಳು ಕಡಿದು, ಒಂದಕ್ಕೊಂದು ಒತ್ತಾಗಿ ನೆಟ್ಟಂತಿರುವ ಕಲ್ಲಿನ ಗುಂಪು. ಕೆಲವು ಮೊಣಕಾಲಿನ ಎತ್ತರದಲ್ಲೇ ಮುರಿದು ನಿಂತಿದ್ದರೆ, ಅತಿ ಎತ್ತರದವು 6 ಮೀಟರಿನಷ್ಟು ಏರಿವೆ. ಮುರಿದು ನಿಂತ ಕಂಬವೊಂದರ ತಲೆಯ ಮೇಲೆ ಬಗ್ಗಿ ನೋಡಿದರೆ ಅದರ ಆಕಾರ ಸ್ಪಷ್ಟವಾಗುತ್ತದೆ: ಹೆಚ್ಚಿನವುಗಳಿಗೆ ಆರು ಬದಿ, ಕೆಲವಕ್ಕೆ ಐದು, ಅಲ್ಲೊಂದು ಇಲ್ಲೊಂದಕ್ಕೆ ನಾಲ್ಕು ಅಥವಾ ಏಳು, ಒಂದರ ಬದಿ ಮುಗಿದಲ್ಲಿಯೇ ಪಕ್ಕದ್ದರ ಬದಿ ಆರಂಭ, ನಡುವೆ ಬೆರಳು ತೂರುವಷ್ಟು ಅಥವಾ ಅದಕ್ಕೂ ಕಿರಿದಾದ ಬಿರುಕು. ತೆರೆ ಎರಚಿದ ನೀರು ತಲೆಯ ಮೇಲಿನ ತಗ್ಗಿನಲ್ಲಿ ನಿಂತು, ಬಿಸಿಲಿಗೆ ಆರಿ, ಅಂಚಿನಲ್ಲಿ ಉಪ್ಪಿನ ತೆಳ್ಳನೆಯ ಪೊರೆಯನ್ನು ಉಳಿಸಿಹೋಗಿರುವುದನ್ನೂ ಕಾಣಬಹುದು.

ಇಂಥ ರಚನೆಗೆ ಭೂವಿಜ್ಞಾನದಲ್ಲಿ ಸ್ತಂಭಾಕಾರದ ಸೀಳಿಕೆ ಎಂಬ ವಿವರಣೆಯಿದೆ. ಭೂಗರ್ಭದಿಂದ ಹೊರಬಿದ್ದ ಲಾವಾ, ಅಂದರೆ ಕರಗಿದ ಶಿಲಾರಸ, ದಪ್ಪನಾದ ಪದರವಾಗಿ ಹರಡಿ ನಿಂತು ತಣಿಯತೊಡಗಿದಾಗ ಕುಗ್ಗುತ್ತದೆ. ಆದರೆ ಅಷ್ಟಗಲದ ಪದರ ಒಟ್ಟಾಗಿ ಒಳಕ್ಕೆ ಸರಿಯಲಾಗದೆ ಎಲ್ಲ ಕಡೆಗೂ ಎಳೆತಕ್ಕೆ ಒಳಗಾಗಿ, ಆ ಎಳೆತವನ್ನು ಬಿರುಕುಗಳ ಮೂಲಕ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ಬಾಯ್ಬಿಡುವುದೂ ಇದೇ ಕ್ರಮದಲ್ಲಿ, ಅಲ್ಲಿ ಕುಗ್ಗುವಿಕೆಗೆ ಕಾರಣ ನೀರು ಆರುವುದು, ಇಲ್ಲಿ ಶಾಖ ಇಳಿಯುವುದು. ಮೇಲ್ಮೈಯಲ್ಲಿ ಬಿರುಕುಗಳು ಹೇಗೆಂದರೆ ಹಾಗೆ ಹುಟ್ಟಿ, ಒಂದು ಇನ್ನೊಂದಕ್ಕೆ ಲಂಬವಾಗಿ ಬಂದು ಸೇರುವುದುಂಟು. ಆದರೆ ತಣಿವು ಒಳಕ್ಕಿಳಿದಂತೆ ಬಿರುಕುಗಳೂ ಅದರ ಹಿಂದೆಯೇ ಇಳಿಯುತ್ತ, ಹೆಜ್ಜೆ ಹೆಜ್ಜೆಗೂ ತಮ್ಮ ದಾರಿಯನ್ನು ತಿದ್ದಿಕೊಳ್ಳುತ್ತ, ಕಡೆಗೆ ಮೂರು ಮೂರು ಬಿರುಕುಗಳು 120 ಡಿಗ್ರಿಯ ಕೋನದಲ್ಲಿ ಕೂಡುವ ಏರ್ಪಾಡಿಗೆ ಬರುತ್ತವೆ, ಏಕೆಂದರೆ ಎಳೆತವನ್ನು ಎಲ್ಲ ದಿಕ್ಕಿಗೂ ಸಮನಾಗಿ ಕಳೆಯಲು ಆ ಕೋನವೇ ಅನುಕೂಲ. ಅಂಥ ಕೂಡುಗಳ ನಡುವೆ ಉಳಿಯುವ ಶಿಲೆಯ ತುಂಡು ಆರು ಬದಿಯ ಕಂಬವಾಗುತ್ತದೆ. ಬಿರುಕು ಯಾವಾಗಲೂ ತಣಿಯುವ ಮೈಗೆ ಲಂಬವಾಗಿ ಇಳಿಯುವುದರಿಂದ ಲಾವಾ ಸಮತಟ್ಟಾಗಿ ನಿಂತಿದ್ದಲ್ಲಿ ಕಂಬಗಳು ನೆಟ್ಟಗಿರುತ್ತವೆ, ತಣಿಯುವ ಮೈ ಓರೆಯಾಗಿದ್ದರೆ ಕಂಬಗಳೂ ಓರೆಯಾಗುತ್ತವೆ. ನಿಧಾನವಾಗಿ ತಣಿದರೆ ಕಂಬ ದಪ್ಪ, ಬೇಗ ತಣಿದರೆ ಸಣ್ಣ. ಇಷ್ಟನ್ನು ಅರಿತವರಿಗೆ ಕಂಬದ ಒಂದೊಂದು ತುಂಡೂ ತನ್ನ ಹುಟ್ಟಿನ ಸಮಾಚಾರವನ್ನು ತಾನೇ ಹೇಳುತ್ತದೆ.

ಈ ಶಿಲೆಯನ್ನು ಬಸಾಲ್ಟ್ ಎಂದು ಕರೆಯುವ ರೂಢಿ ಪ್ರವಾಸಿ ಬರಹಗಳಲ್ಲಿ ಬಲವಾಗಿ ಬೇರೂರಿದೆ. ಆದರೆ ಬಸಾಲ್ಟಿನಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನಲ್ಲಿ ತುಂಬಿರುವ ಅದೇ ವಸ್ತು, ಸುಮಾರು ಅರ್ಧಪಾಲು ಮಾತ್ರವಿದ್ದರೆ, ಇಲ್ಲಿನ ಶಿಲೆಯಲ್ಲಿ ಅದರ ಪ್ರಮಾಣ ಸಾಕಷ್ಟು ಹೆಚ್ಚು. ಭೂವಿಜ್ಞಾನಿಗಳು ಇದನ್ನು ಡೇಸೈಟ್, ರಯೋಡೇಸೈಟ್, ರಯೋಲೈಟ್ ಎಂಬ ಗುಂಪಿಗೆ ಸೇರಿಸುತ್ತಾರೆ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಮಂದವಾಗಿ, ಹರಿಯಲು ಒಲ್ಲದೆ ದಪ್ಪವಾಗಿ ನಿಲ್ಲುತ್ತದೆ. ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಹಬ್ಬಿರುವ ದಖನ್ ಲಾವಾ ಪದರಗಳೊಂದಿಗೆ ಇದನ್ನು ಬೆರೆಸುವುದೂ ಸರಿಯಲ್ಲ: ಅವು ಸುಮಾರು 6.6 ಕೋಟಿ ವರ್ಷಗಳಷ್ಟು ಹಳೆಯವಾದರೆ, ವಿಕಿರಣಶೀಲ ಧಾತುಗಳ ಕ್ಷಯವನ್ನು ಅಳೆದು ವಯಸ್ಸನ್ನು ಗೊತ್ತುಮಾಡುವ ವಿಧಾನಗಳ ಪ್ರಕಾರ ಸೇಂಟ್ ಮೇರೀಸ್ ಶಿಲೆಯ ವಯಸ್ಸು ಎಂಟೂವರೆ ಕೋಟಿ ವರ್ಷಗಳಿಂದ ಒಂಬತ್ತು ಕೋಟಿ ವರ್ಷಗಳ ನಡುವೆ ನಿಲ್ಲುತ್ತದೆ. ಎದುರಿನ ಮಲ್ಪೆ, ಉಡುಪಿಯ ನೆಲವಂತೂ ಇವೆರಡಕ್ಕೂ ಸೇರದ್ದು. ಅಲ್ಲಿ ತಳದಲ್ಲಿ ಅತಿ ಪುರಾತನವಾದ ನೈಸ್ ಶಿಲೆಯೂ ಅದರ ಮೇಲೆ ಜಂಬಿಟ್ಟಿಗೆ, ಅಂದರೆ ಕರಾವಳಿಯವರು ಮನೆ ಕಟ್ಟಲು ಬಳಸುವ ಕೆಂಪುಕಲ್ಲೂ ಇವೆ. ಅರ್ಧ ಗಂಟೆಯ ದೋಣಿ ಪ್ರಯಾಣದಲ್ಲಿ ಪ್ರವಾಸಿಗರು ದಾಟಿಬರುವುದು ಇಷ್ಟು ದೊಡ್ಡ ವ್ಯತ್ಯಾಸವನ್ನು.

ಈ ವಯಸ್ಸಿಗೆ ಮಹತ್ವ ಬಂದಿರುವುದು ಮಡಗಾಸ್ಕರಿನಿಂದಾಗಿ. ಗೊಂಡ್ವಾನಾ ಎಂಬ ಪುರಾತನ ಮಹಾಖಂಡ ಒಡೆದು ಚೂರಾಗುತ್ತಿದ್ದ ಕಾಲದಲ್ಲಿ ಭಾರತವೂ ಮಡಗಾಸ್ಕರೂ ಬಹುಕಾಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಇಂದಿನ ಕರ್ನಾಟಕದ ಪಡುವಣ ಅಂಚು ಮಡಗಾಸ್ಕರಿನ ಮೂಡಣ ಅಂಚಿಗೆ ಎದುರಾಗಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದಿನ ಆ ಕಾಲದಲ್ಲಿ, ಭೂಮಿಯ ಆಳದಿಂದ ಶಾಖ ಒಂದೇ ಕಡೆ ಮೇಲೇಳುವ ಬಿಸಿತಾಣವೊಂದು ಈ ಪ್ರದೇಶದ ಅಡಿಯಲ್ಲಿತ್ತೆಂದೂ, ಅದರ ಪ್ರಭಾವದಿಂದ ಭೂತೊಗಟೆ ಹಿಗ್ಗಿ, ಸೀಳಿ, ಎರಡೂ ಕಡೆ ಲಾವಾ ಹರಿಯಿತೆಂದೂ ವಿಜ್ಞಾನಿಗಳು ವಿವರಿಸುತ್ತಾರೆ. ಆ ಬಿಸಿತಾಣವನ್ನು ಇಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಮಾರಿಯನ್ ದ್ವೀಪದ ಹೆಸರಿನಿಂದ ಗುರುತಿಸಲಾಗುತ್ತದೆ. ಮಡಗಾಸ್ಕರಿನಲ್ಲಿ ಅದೇ ಕಾಲದ ಲಾವಾ ವಿಸ್ತಾರವಾಗಿ ಉಳಿದಿದೆ, ಭಾರತದ ಕಡೆ ಉಳಿದಿರುವ ಸಾಕ್ಷಿಗಳು ಬೆರಳೆಣಿಕೆಯವು, ಅವುಗಳಲ್ಲಿ ಮಲ್ಪೆಯ ಈ ದ್ವೀಪಗಳು ಮುಖ್ಯವಾದವು. ಒಡೆದ ಮೇಲೆ ಭಾರತ ಉತ್ತರಕ್ಕೆ ಸರಿಯುತ್ತ ಹೋಗಿ ಏಷ್ಯಾಕ್ಕೆ ಢಿಕ್ಕಿ ಹೊಡೆದು ಹಿಮಾಲಯವನ್ನು ಎಬ್ಬಿಸಿತು; ಅಂದು ನೆರೆಯಲ್ಲಿದ್ದ ಮಡಗಾಸ್ಕರ್ ಇಂದು ಮಲ್ಪೆಯಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿದೆ. ಕಂಬಗಳು ಹುಟ್ಟಿದಾಗ ಇದು ದ್ವೀಪವಾಗಿರಲೂ ಇಲ್ಲ. ಬಹು ಇತ್ತೀಚೆಗೆ, ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಕೂಡ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿದ್ದುದರಿಂದ, ಇಂದು ದೋಣಿ ಹತ್ತಿ ಹೋಗಬೇಕಾದ ಈ ಜಾಗ ಆಗ ಬಯಲಿನ ನಡುವೆ ನಿಂತ ಕಲ್ಲುಗುಡ್ಡವಾಗಿತ್ತು.

ದ್ವೀಪಕ್ಕೆ ಸೇಂಟ್ ಮೇರೀಸ್ ಎಂಬ ಹೆಸರು ಬಂದ ಬಗೆಯನ್ನು ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನಿಗೆ ಜೋಡಿಸಲಾಗುತ್ತದೆ. ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಅವನು ಮೊದಲು ಇಲ್ಲಿ ಇಳಿದನೆಂಬ ಮಾತು ಜನಪ್ರಿಯವಾಗಿದ್ದರೂ, ಆ ಯಾನದ ದಿನಚರಿಯಿಂದ ತಿಳಿಯುವ ಸಂಗತಿ ಅದಕ್ಕೆ ವಿರುದ್ಧವಾದದ್ದು: 1498ರ ಮೇ ತಿಂಗಳಿನಲ್ಲಿ ಕಲ್ಲಿಕೋಟೆಯನ್ನು ತಲುಪಿದ ಗಾಮ, ಅಲ್ಲಿಂದ ಆಗಸ್ಟ್ ಕೊನೆಗೆ ಹೊರಟು ಉತ್ತರಕ್ಕೆ ಬರುತ್ತ, ಸೆಪ್ಟೆಂಬರ್ ನಡುವಿನಲ್ಲಿ ತೀರದ ಬಳಿಯ ಪುಟ್ಟ ದ್ವೀಪವೊಂದರ ಮೇಲೆ ಸಾಂತಾ ಮರಿಯಾ ಹೆಸರಿನ ಸ್ತಂಭವನ್ನು ನೆಡಿಸಿದ. ಹೊಸದಾಗಿ ಮುಟ್ಟಿದ ನೆಲದಲ್ಲಿ ಗುರುತಿಗಾಗಿ ಪೋರ್ಚುಗೀಸರು ನೆಡುತ್ತಿದ್ದ ಶಿಲುಬೆಯುಳ್ಳ ಕಲ್ಲುಕಂಬವಿದು. ಅರಸನ ಆಜ್ಞೆಯಂತೆ ತಂದಿದ್ದ ಮೂರರಲ್ಲಿ ಇದೇ ಕಡೆಯದು. ಹಡಗುಗಳ ಬಳಿಗೆ ಮೀನು ಮಾರಲು ಬಂದ ಸ್ಥಳೀಯ ಬೆಸ್ತರಿಗೆ ಅಂಗಿಗಳನ್ನು ಕೊಟ್ಟು ಉಪಚರಿಸಿದ ವಿಚಾರವೂ ಆ ದಿನಚರಿಯಲ್ಲಿದೆ. ಆ ದ್ವೀಪ ಮಲ್ಪೆಯದೇ ಎಂಬುದು ಬಹುಕಾಲದಿಂದ ನಡೆದುಬಂದ ಗುರುತಿಸುವಿಕೆ. ನೆಟ್ಟ ಸ್ತಂಭವಂತೂ ಇಂದು ಅಲ್ಲಿ ಕಾಣಸಿಗುವುದಿಲ್ಲ. ಮುಂದೆ ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ಹಡಗುಗಳನ್ನು ರಿಪೇರಿ ಮಾಡಿಸಿಕೊಂಡು ಅಕ್ಟೋಬರಿನಲ್ಲಿ ಹೊರಟ ಗಾಮನಿಗೆ, ಗಾಳಿಯ ಋತುವನ್ನು ಲಕ್ಷಿಸದೆ ಹೊರಟುದರ ಫಲವಾಗಿ, ಆಫ್ರಿಕದ ತೀರ ಕಣ್ಣಿಗೆ ಬೀಳಲು ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಹಲವು ನಾವಿಕರು ರಕ್ತಪಿತ್ತವ್ಯಾಧಿಗೆ ಬಲಿಯಾಗಿದ್ದರು. ಕಡಲ ಗಾಳಿಯ ಲೆಕ್ಕವನ್ನು ಮೀನುಗಾರರು ಬಲ್ಲಷ್ಟು ಅವನು ಬಲ್ಲವನಾಗಿರಲಿಲ್ಲ.

ದ್ವೀಪದಲ್ಲಿ ನೋಡತಕ್ಕ ಇತರ ಸಂಗತಿಗಳೆಂದರೆ ಕಡಲಕಾಗೆ, ಬೆಳ್ಳಕ್ಕಿ, ಗರುಡಗಳಂಥ ಹಕ್ಕಿಗಳು, ಇಳಿತದ ವೇಳೆ ಬಂಡೆಗಳ ಸಂದಿಯಲ್ಲಿ ಉಳಿಯುವ ನೀರಿನ ಮಡುಗಳು ಮತ್ತು ಅವುಗಳಲ್ಲಿನ ಏಡಿಗಳು. ಉಬ್ಬರ ಇಳಿತ, ಅಂದರೆ ಚಂದ್ರ ಸೂರ್ಯರ ಆಕರ್ಷಣೆಯಿಂದ ಕಡಲನೀರು ದಿನಕ್ಕೆ ಎರಡು ಬಾರಿ ಏರಿ ಇಳಿಯುವ ಕ್ರಿಯೆ, ಈ ತೀರದಲ್ಲಿ ಒಂದೆರಡು ಮೀಟರಿನೊಳಗೇ ಇದ್ದರೂ ತಗ್ಗಾದ ಬಂಡೆಗಳ ನಡುವೆ ಅಷ್ಟೇ ಸಾಕು ದಾರಿ ಮುಚ್ಚಲು. ಪಡುವಣ ಬದಿಯಲ್ಲಿ ತೆರೆಯ ಹೊಡೆತ ಜೋರು, ಪಾಚಿ ಹಿಡಿದ ಕಲ್ಲು ಜಾರುತ್ತದೆ, ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಕತ್ತಿಯ ಅಲಗಿನಷ್ಟು ಹರಿತ. ಹಿಂದೆ ಇಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡದ್ದಿದೆ. ಕಾವಲಿನವರು ಸೀಟಿ ಊದಿ ಹಿಂದಕ್ಕೆ ಕರೆದಾಗ ಅದನ್ನು ರಸಭಂಗವೆಂದು ತಿಳಿದು ಮುನಿಯುವವರು ಈಜಲು ಮಲ್ಪೆಯ ಮರಳಿನ ತೀರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಗಟ್ಟಿ ಅಡಿಯ ಪಾದರಕ್ಷೆ, ತಲೆಗೊಂದು ಬಟ್ಟೆ, ಕುಡಿಯುವ ನೀರು ಇವಿಷ್ಟು ಜೊತೆಗಿದ್ದರೆ ಸಾಕು. ತೆಂಗಿನ ಮರಗಳ ನೆರಳಿಗೆ ಮಧ್ಯಾಹ್ನದ ಬಿಸಿಲನ್ನು ಪೂರ್ತಿ ತಡೆಯುವ ಶಕ್ತಿಯಿಲ್ಲ.

ರಾತ್ರಿ ತಂಗಲು ಇಲ್ಲಿ ಅವಕಾಶವಿಲ್ಲ, ಸಂಜೆಯಾಗುತ್ತಲೇ ಎಲ್ಲರೂ ಹಿಂದಿರುಗಬೇಕು. ಪ್ರವಾಸೋದ್ಯಮದ ಉತ್ಸಾಹಿಗಳು ಇದನ್ನು ಕೊರತೆಯೆಂದು ಎಣಿಸಿದರೂ, ದ್ವೀಪ ಇಷ್ಟಾದರೂ ಕೆಡದೆ ಉಳಿದಿರುವುದು ಈ ನಿರ್ಬಂಧದಿಂದ ಮತ್ತು ವರ್ಷದಲ್ಲಿ ನಾಲ್ಕು ತಿಂಗಳು ಕಡಲೇ ಹಾಕುವ ಬೀಗದಿಂದ ಎಂಬುದರಲ್ಲಿ ಅನುಮಾನವಿಲ್ಲ. ಅಂತರ್ಜಲ ನಂಬುವಂತಿಲ್ಲದ, ಕಸ ಹೂಳಲು ಮಣ್ಣೂ ಇಲ್ಲದ ಅರ್ಧ ಕಿಲೋಮೀಟರ್ ಉದ್ದದ ಬಂಡೆಯ ಮೇಲೆ ವಸತಿಗೃಹಗಳ ಮಾತೆತ್ತುವುದೇ ಅಸಂಗತ. ಬಾಟಲಿಯ ಗಾಜು, ತಿಂಡಿಯ ಪೊಟ್ಟಣ, ಕಂಬಗಳ ಮೇಲೆ ಗೀಚಿದ ಹೆಸರುಗಳು ಹಗಲಿನ ಪ್ರವಾಸಿಗರಿಂದಲೇ ಆಗುತ್ತಿರುವ ಹಾನಿಗೆ ಸಾಕಷ್ಟು ಪುರಾವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಸ್ಥಳವಿದು. ಕರ್ನಾಟಕದಲ್ಲಿ ಆ ಮನ್ನಣೆ ಪಡೆದ ಇತರ ಸ್ಥಳಗಳು ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳು. ಲಾಲ್‌ಬಾಗಿನ ಬಂಡೆಯ ಮೇಲೆ ದಿನವೂ ವಾಯುವಿಹಾರಕ್ಕೆ ಏರುವವರಲ್ಲಿ ಅದು ಸುಮಾರು 300 ಕೋಟಿ ವರ್ಷ ಹಳೆಯದೆಂದು ಬಲ್ಲವರು ಎಷ್ಟು ಮಂದಿಯೋ.

ಇಂಥದೇ ಕಂಬಗಳಿಗೆ ಲೋಕಪ್ರಸಿದ್ಧವಾದ, 1986ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ, ಸುಮಾರು 40,000 ಬಸಾಲ್ಟ್ ಕಂಬಗಳಿರುವ ತೀರಕ್ಕೆ ಇಳಿಯುವ ಮೊದಲೇ, ಕಂಬಗಳಿಂದ ದೂರದಲ್ಲಿ ಕಟ್ಟಿದ ಕೇಂದ್ರವೊಂದರಲ್ಲಿ ಅವುಗಳ ಕಥೆಯನ್ನು ಸಂದರ್ಶಕರಿಗೆ ತಿಳಿಸುವ ವ್ಯವಸ್ಥೆಯಿದೆ. ಮಲ್ಪೆಯ ಕಂಬಗಳು ಅವುಗಳಿಗಿಂತ ಎರಡೂವರೆ ಕೋಟಿ ವರ್ಷಗಳಷ್ಟು ಹಿರಿಯವು. ಇಲ್ಲಿ ಅಂಥ ಕೇಂದ್ರಕ್ಕೆ ತಕ್ಕ ಜಾಗ ದ್ವೀಪವಲ್ಲ, ಜನ ಸೇರುವವರೆಗೆ ಎಲ್ಲರೂ ಹೇಗೂ ಕಾಯಲೇಬೇಕಾದ ಬಂದರಿನ ಕಟ್ಟೆ. ಭಾರತ ಮಡಗಾಸ್ಕರ್‌ಗಳು ಕೂಡಿದ್ದ ಕಾಲದ ನಕ್ಷೆ, ಕೈಯಲ್ಲಿ ಹಿಡಿದು ಹೋಲಿಸಬಹುದಾದ ನೈಸ್, ಕೆಂಪುಕಲ್ಲು, ಬಸಾಲ್ಟ್ ತುಂಡುಗಳು, ಬಿರುಕು ಇಳಿದು ಕಂಬವಾಗುವ ಬಗೆಯನ್ನು ತೋರಿಸುವ ಒಂದು ಮಾದರಿ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ವಿವರಿಸಬಲ್ಲ ಊರಿನ ಒಬ್ಬಿಬ್ಬರು ಯುವಕರು, ಆ ದಿನದ ಉಬ್ಬರ ಇಳಿತದ ಸಮಯವನ್ನು ಸೀಮೆಸುಣ್ಣದಲ್ಲಿ ಬರೆದ ಒಂದು ಕರಿಹಲಗೆ ಇವುಗಳಿಗೆ ಒಂದು ಕೋಣೆಯಷ್ಟು ಜಾಗ ಸಾಕು, ಖರ್ಚೂ ದ್ವೀಪದ ಮೇಲೆ ಕಟ್ಟುವ ಯಾವ ಮಂಟಪದ ಖರ್ಚಿಗಿಂತ ಹೆಚ್ಚಾಗಲಾರದು.